ದ ಮಾಮಾಸ್ ಅಂಡ್ ದ ಪಾಪಾಸ್ ಇಷ್ಟಪಡುವವರು ಇಲ್ಲಿ ಯಾರಿದ್ದೀರಿ?

ಹಳೇ_ಟೇಪು

ಅರವತ್ತರ ದಶಕದ ಇಂಗ್ಲಿಷ್ ಹಾಡು ಅಂದರೆ ನಮ್ಮಲ್ಲಿ ಮಾತು ಬೀಟಲ್ಸ್‌ನಿಂದ ಶುರುವಾಗಿ ಬೀಟಲ್ಸ್‌ನಲ್ಲೇ ಮುಗಿಯುತ್ತದೆ. ಅದಕ್ಕೇ ಈ ಚರ್ಚೆ ಶುರು ಮಾಡಿದ್ದೇನೆ. ಆ ಕಾಲದ ಗುಂಪುಗಳಲ್ಲಿ ನಾನು ಇವತ್ತಿಗೂ ಬೇಸರವಿಲ್ಲದೆ ಕೇಳುವುದು ದ ಮಾಮಾಸ್ ಅಂಡ್ ದ ಪಾಪಾಸ್. ಜಾನ್ ಫಿಲಿಪ್ಸ್, ಅವರ ಹೆಂಡತಿ ಮಿಶೆಲ್, ಕ್ಯಾಸ್ ಎಲಿಯಟ್, ಮತ್ತೆ ಕೆನಡಾದ ಹ್ಯಾಲಿಫ್ಯಾಕ್ಸ್ ಊರಿನ ಡೆನ್ನಿ ಡೊಹರ್ಟಿ. 1965ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಟ್ಟಾದರು, 1968ರಲ್ಲಿ ಚದುರಿದರು. 1971ರಲ್ಲಿ ಇನ್ನೊಂದು ಆಲ್ಬಂ ಬಂತು. ಅದು ಕಂಪನಿಯ ಕರಾರು ತೀರಿಸಲು ಮಾಡಿದ್ದು. ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ನನ್ನ ಮಾತು ಇಷ್ಟೇ. ಈ ಗುಂಪಿನ ಬಗ್ಗೆ ಬರೆಯುವವರೆಲ್ಲ ಅವರ ಜಗಳ, ಪ್ರೇಮ, ಕುಡಿತ, ಮಾದಕ ವಸ್ತು ಇದನ್ನೇ ಬರೆಯುತ್ತಾರೆ. ಅಷ್ಟರಲ್ಲಿ ಹಾಡೇ ಮರೆತುಹೋಗುತ್ತದೆ. ಇವರ ಹಾಡಿನಲ್ಲಿ ‘ಮುಖ್ಯ ಗಾಯಕ ಮುಂದೆ, ಕೋರಸ್ ಹಿಂದೆ’ ಅನ್ನುವ ಲೆಕ್ಕ ನಡೆಯುವುದಿಲ್ಲ. ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ತೆಗೆದುಕೊಳ್ಳಿ. ಡೆನ್ನಿ ಒಂದು ಸಾಲು ಎತ್ತಿಕೊಳ್ಳುತ್ತಾರೆ. ಅದು ಮುಗಿಯುವ ಮೊದಲೇ ಉಳಿದವರು ಅದೇ ಮಾತು ಹಿಡಿದು ಒಳಗೆ ಬರುತ್ತಾರೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಗುಂಪು ಹೇಳುವ ಹಾಗೆಯೇ. ಆದರೆ ಇಲ್ಲಿ ಗುಂಪು ಕಾಯುವುದಿಲ್ಲ, ಮೇಲೇ ಹತ್ತಿಬಿಡುತ್ತದೆ. ಮಧ್ಯದಲ್ಲಿ ಯಾರ ದನಿ ಯಾವುದು ಅಂತ ಬಿಡಿಸಲು ಹೋದರೆ ಸೋಲುತ್ತೀರಿ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಬೈಯುವವರು ಬೈಯಿರಿ. ಈ ಗುಂಪಿನ ನಿಜವಾದ ಆಸ್ತಿ ಡೆನ್ನಿ. ಹೆಸರು ಬಂದದ್ದು ಕ್ಯಾಸ್‌ಗೆ, ಫೋಟೋ ಬಂದದ್ದು ಮಿಶೆಲ್‌ದು, ಹಾಡು ಬರೆದ ಕೀರ್ತಿ ಜಾನ್‌ಗೆ. ಆದರೆ ಆ ಎರಡು ದೊಡ್ಡ ಹಾಡುಗಳನ್ನು, ಅಂದರೆ ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ಮತ್ತು ‘ಮಂಡೇ ಮಂಡೇ’, ಹೊತ್ತು ನಡೆದ ದನಿ ಡೆನ್ನಿಯದು.

ಕಡಲತಡಿ_ಆಲ್ಟೊ

ಹಳೇ ಟೇಪು ಅವರೇ, ಒಳ್ಳೆ ವಿಷಯ ಎತ್ತಿದ್ದೀರಿ. ಬೈಯುವುದಿಲ್ಲ, ಆದರೆ ಒಪ್ಪುವುದೂ ಇಲ್ಲ ಮಾರಾಯ್ರೆ.

ನಾನು ಮಂಗಳೂರಿನಲ್ಲಿ ಚರ್ಚ್ ಕಾಯರ್‌ನಲ್ಲಿ ಹಾಡುತ್ತಾ ಬೆಳೆದವಳು. ಆಲ್ಟೊ ನನ್ನ ಜಾಗ. ಆಲ್ಟೊ ಹಾಡುವವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮೇಲಿನ ಸೊಪ್ರಾನೊ ಎಲ್ಲರಿಗೂ ಕೇಳುತ್ತದೆ, ಕೆಳಗಿನ ಬೇಸ್ ಗಟ್ಟಿಯಾಗಿ ನಿಲ್ಲುತ್ತದೆ. ನಡುವಿನ ದನಿ ಇಲ್ಲದಿದ್ದರೆ ಮಾತ್ರ ಹಾಡು ಪೊಳ್ಳಾಗುತ್ತದೆ. ಕ್ಯಾಸ್ ಮಾಡುತ್ತಿದ್ದುದು ಅದೇ ಕೆಲಸ. ಮಿಶೆಲ್ ದನಿ ತೆಳು, ಚೆಂದ, ಆದರೆ ಅದಕ್ಕೆ ತೂಕ ಇಲ್ಲ. ಜಾನ್ ದನಿ ತಗ್ಗಿನದು. ಡೆನ್ನಿ ಬೆಣ್ಣೆಯಂಥ ಟೆನರ್, ಅಂದರೆ ಗಂಡಸರ ಮೇಲಿನ ದನಿ, ಒಪ್ಪಿದೆ. ಇವರನ್ನು ಒಂದು ಕಡೆ ಕಟ್ಟಿ ಹಾಕಿದ್ದು ಕ್ಯಾಸ್. ‘ವರ್ಡ್ಸ್ ಆಫ್ ಲವ್’ ಕೇಳಿ. ಅಲ್ಲಿ ಆಕೆ ಮುಂದೆ ಬರುತ್ತಾಳೆ, ಉಳಿದವರು ಹಿಂದೆ ಸರಿದು ದಾರಿ ಬಿಡುತ್ತಾರೆ.

ಇನ್ನೊಂದು ಸಂಗತಿ. ಸ್ಟುಡಿಯೋದಲ್ಲಿ ಇವರು ಒಂದು ಸಲ ಹಾಡಿ, ಅದರ ಮೇಲೆ ಅದನ್ನೇ ಮತ್ತೆ ಹಾಡಿ ಸೇರಿಸುತ್ತಿದ್ದರು. ಹಾಗಾಗಿ ನಾಲ್ಕು ಜನ ಎಂಟು ಜನರ ಹಾಗೆ ಕೇಳುತ್ತಾರೆ. ಎರಡು ಸಲವೂ ಉಸಿರು, ಅಕ್ಷರ ಎಲ್ಲ ಒಂದೇ ಕಡೆ ಬೀಳಬೇಕು. ಕಾಯರ್‌ನಲ್ಲಿ ಹಾಡಿದವರಿಗೆ ಅದು ಎಷ್ಟು ಕಷ್ಟ ಅಂತ ಗೊತ್ತು.

ತೀರ್ಥಹಳ್ಳಿ_ಮೇಷ್ಟ್ರು

ನಮ್ಮ ಕಾಲಕ್ಕೆ ಇವೆಲ್ಲ ಬಂದದ್ದು ರೇಡಿಯೋ ಸಿಲೋನ್ ಇಂಗ್ಲಿಷ್ ಪ್ರಸಾರದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಸ್ಟೇಷನ್ ಸಿಕ್ಕರೆ ಪುಣ್ಯ. ಪದಗಳು ಅರ್ಧ ಕೇಳುತ್ತಿರಲಿಲ್ಲ. ಆದರೂ ಆ ‘ಬಾ ಡಾ’ ಅಂತ ಶುರುವಾಗುವ ಮಂಡೇ ಹಾಡು ಬಂದರೆ ಗುರುತು ಹಿಡಿಯುತ್ತಿದ್ದೆವು. ಯಾರು ಹಾಡಿದ್ದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಆ ಹಾಡು ಗುಂಪಿನ ಉಳಿದವರಿಗೆ ಇಷ್ಟವೇ ಇರಲಿಲ್ಲ ಅಂತ ಡೆನ್ನಿ ಹೇಳಿಕೊಂಡಿದ್ದರು. 1966ರ ಮೇ ತಿಂಗಳಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಗಿ ಮೂರು ವಾರ ಅಲ್ಲೇ ಕೂತಿತು. ಗ್ರ್ಯಾಮಿಯೂ ಬಂತು. ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ನಾಲ್ಕನೆಯ ಸ್ಥಾನ ದಾಟಲೇ ಇಲ್ಲ. ಇವತ್ತು ನೋಡಿ, ಜನ ಯಾವುದನ್ನು ನೆನಪಿಟ್ಟುಕೊಂಡಿದ್ದಾರೆ!

ಚಿನ್ಮಯಿ_ವೀಣೆ

ನಾನು ಕರ್ನಾಟಕ ಸಂಗೀತದವಳು. ಮೊದಲು ಕೇಳಿದಾಗ ನನಗೆ ಕಿರಿಕಿರಿ ಆಗಿತ್ತು. ಯಾವ ಸ್ವರ ಹಿಡಿಯಬೇಕು ಅಂತಲೇ ಗೊತ್ತಾಗಲಿಲ್ಲ. ನಮ್ಮಲ್ಲಿ ಒಂದೇ ಧಾಟಿ, ಅದರೊಳಗೇ ಎಲ್ಲ ಆಟ. ಇಲ್ಲಿ ನಾಲ್ವರೂ ಬೇರೆ ಬೇರೆ ಕಡೆ ನಿಂತಿದ್ದಾರೆ, ಗಮಕ ಅನ್ನುವುದು ಸುತರಾಂ ಇಲ್ಲ. ಆಮೇಲೆ ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ವೀಣೆಯಲ್ಲಿ ಹಿಡಿದು ನೋಡಿದೆ. ಹಾಡಿನ ಧಾಟಿ ಹೆಚ್ಚುಕಡಿಮೆ ನಟಭೈರವಿಯ ಸ್ವರಗಳಲ್ಲೇ ಹೋಗುತ್ತದೆ. ರಾಗ ಅಂತ ಹೇಳುತ್ತಿಲ್ಲ, ಸ್ವರ ಮಾತ್ರ. ಅದು ತಿಳಿದ ಮೇಲೆ ಸ್ವಲ್ಪ ಹಿಡಿತ ಸಿಕ್ಕಿತು.

ಕಡಲತಡಿ_ಆಲ್ಟೊ

ಚಿನ್ಮಯಿ ಅವರೇ, ನಿಮಗೆ ಹಾರ್ವಿ ಕತೆ ಗೊತ್ತಾ? ನಾಲ್ವರ ಸ್ವರ ಸರಿಯಾಗಿ ಕೂಡಿದಾಗ ಮೇಲಿನಿಂದ ಐದನೆಯ ದನಿಯೊಂದು ಕೇಳುತ್ತಿತ್ತಂತೆ. ಯಾರೂ ಹಾಡದ ದನಿ. ಅದಕ್ಕೆ ಅವರು ಹಾರ್ವಿ ಅಂತ ಹೆಸರಿಟ್ಟಿದ್ದರು. ಹಾರ್ವಿ ಬಂದರೆ ಹಾಡು ಸರಿಯಾಗಿದೆ ಅಂತ ಲೆಕ್ಕ.

ಚಿನ್ಮಯಿ_ವೀಣೆ

ಅಯ್ಯೋ, ಇದು ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿ! ತಂಬೂರಿಗೆ ಸ, ಪ ಎರಡೇ ಸ್ವರ ಕಟ್ಟಿರುತ್ತೇವೆ. ಶ್ರುತಿ ಸರಿಯಾಗಿ ಕೂತರೆ ಅಂತರ ಗಾಂಧಾರ ತಾನಾಗಿಯೇ ಕೇಳುತ್ತದೆ. ಅದಕ್ಕೆ ತಂತಿಯೇ ಇಲ್ಲ. ನಮ್ಮ ಗುರುಗಳು ಗಾಂಧಾರ ಕೇಳುವ ತನಕ ಪಾಠ ಶುರು ಮಾಡುತ್ತಿರಲಿಲ್ಲ. ಒಂದು ಸ್ವರದೊಳಗೆ ಅದರ ಮೇಲಿನ ಸ್ವರಗಳೂ ಸಣ್ಣದಾಗಿ ಮಿಡಿಯುತ್ತಿರುತ್ತವೆ. ಎರಡು ಮೂರು ಸ್ವರ ನಿಖರವಾಗಿ ಕೂಡಿದಾಗ ಆ ಸಣ್ಣ ಮಿಡಿತಗಳು ಒಂದರ ಮೇಲೊಂದು ಬಿದ್ದು ದೊಡ್ಡದಾಗುತ್ತವೆ. ಹಾರ್ವಿಯೂ ಅದೇ ಇರಬೇಕು. ಈಗ ಇವರ ಮೇಲೆ ಗೌರವ ಜಾಸ್ತಿ ಆಯಿತು. ಶ್ರುತಿ ಅಲ್ಲಾಡಿದರೆ ಅದು ಬರುವುದೇ ಇಲ್ಲ.

ಗಿಟಾರ್_ಪಾಂಡು

ಗುರುಗಳೇ, ವಾದ್ಯದವರನ್ನು ಮರೆತೇಬಿಟ್ಟಿರಲ್ಲ! ಡ್ರಮ್ಸ್ ಹ್ಯಾಲ್ ಬ್ಲೇನ್, ಬೇಸ್ ಗಿಟಾರ್ ಜೋ ಆಸ್ಬಾರ್ನ್, ಕೀಬೋರ್ಡ್ ಲ್ಯಾರಿ ನೆಕ್ಟೆಲ್. ಆಗ ಲಾಸ್ ಏಂಜಲೀಸ್‌ನಲ್ಲಿ ಯಾರ ಹಾಡು ರೆಕಾರ್ಡ್ ಆದರೂ ಇವರೇ ನುಡಿಸುತ್ತಿದ್ದರು ಅನ್ನುವಷ್ಟು ಬೇಡಿಕೆ. ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ಶುರುವಿನ ಆ ಗಿಟಾರ್ ಪಿ.ಎಫ್. ಸ್ಲೋನ್ ಅವರದು. ನಿರ್ಮಾಪಕ ಲೂ ಆಡ್ಲರ್, ಎಂಜಿನಿಯರ್ ಬೋನ್ಸ್ ಹೌ.

ಬೋನ್ಸ್ ಹೌ ಅಂದ ಕೂಡಲೇ ‘ಐ ಸಾ ಹರ್ ಅಗೇನ್’ ನೆನಪಾಗುತ್ತದೆ. ಅದರ ಕೊನೆಯ ಕಡೆ ಡೆನ್ನಿ ಸಾಲನ್ನು ಬೇಗ ಶುರು ಮಾಡಿ ಗಕ್ಕನೆ ನಿಲ್ಲಿಸಿ ಮತ್ತೆ ಸರಿಯಾದ ಜಾಗದಲ್ಲಿ ಹಿಡಿಯುತ್ತಾರೆ. ಅದು ರೆಕಾರ್ಡಿಂಗ್‌ನಲ್ಲಿ ಆದ ಎಡವಟ್ಟು. ಲೂ ಆಡ್ಲರ್‌ಗೆ ಅದು ಇಷ್ಟವಾಯಿತು, ಹಾಗೇ ಬಿಟ್ಟರು. ಈಗ ಅದಿಲ್ಲದೆ ಹಾಡು ಊಹಿಸಲೂ ಆಗುವುದಿಲ್ಲ. ಇವತ್ತಿನ ಸಾಫ್ಟ್‌ವೇರ್ ಆಗಿದ್ದರೆ ಅರ್ಧ ನಿಮಿಷದಲ್ಲಿ ಅಳಿಸಿ ಹಾಕುತ್ತಿದ್ದರು.

ಹಳೇ_ಟೇಪು

ಆ ಹಾಡಿನ ಹಿಂದಿನ ಕತೆ ಗೊತ್ತಿದ್ದರೆ ಕೇಳುವುದು ಇನ್ನೂ ಕಷ್ಟ. ಡೆನ್ನಿಗೂ ಮಿಶೆಲ್‌ಗೂ ಸಂಬಂಧ ಇತ್ತು. ಗಂಡ ಜಾನ್‌ಗೆ ಗೊತ್ತಾಯಿತು. ಜಾನ್ ಅದನ್ನೇ ಹಾಡು ಮಾಡಿ ಡೆನ್ನಿಯ ಕೈಲೇ ಹಾಡಿಸಿದರು. ಬರೆದವರ ಹೆಸರಿನಲ್ಲಿ ಇಬ್ಬರದೂ ಇದೆ. ಮಿಶೆಲ್ ಪಕ್ಕದಲ್ಲೇ ನಿಂತು ದನಿಗೂಡಿಸಬೇಕು. ಅದೇ 1966ರ ಬೇಸಿಗೆಯಲ್ಲಿ ಮಿಶೆಲ್‌ರನ್ನು ಗುಂಪಿನಿಂದ ತೆಗೆದು ಜಿಲ್ ಗಿಬ್ಸನ್ ಎಂಬ ಗಾಯಕಿಯನ್ನು ಸೇರಿಸಿಕೊಂಡಿದ್ದರು. ಆಗಸ್ಟ್ ಹೊತ್ತಿಗೆ ಮಿಶೆಲ್ ವಾಪಸ್.

ನೋಡಿ, ಜಗಳದ ಕತೆ ಬೇಡ ಅಂದವನು ನಾನೇ ಶುರು ಮಾಡಿಬಿಟ್ಟೆ.

ಮಸಾಲೆದೋಸೆ_ರಾತ್ರಿ

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು ಅನ್ನಿಸುತ್ತದೆ. ನನಗೆ ಈ ಹಾಡು ಸಿಕ್ಕಿದ್ದು ಸಿನಿಮಾದಿಂದ. ವಾಂಗ್ ಕಾರ್ ವಾಯ್ ಅವರ 1994ರ ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’. ಹಾಂಗ್‌ಕಾಂಗ್‌ನ ತಿಂಡಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಇದನ್ನು ಜೋರಾಗಿ ಹಾಕಿಕೊಂಡೇ ಇರುತ್ತಾಳೆ. ಸಿನಿಮಾ ಮುಗಿಯುವ ಹೊತ್ತಿಗೆ ಹಾಡು ತಲೆಯಿಂದ ಹೋಗುವುದಿಲ್ಲ. ಅದು ಬಿಟ್ಟರೆ ಬೇರೆ ಯಾವ ಹಾಡೂ ನನಗೆ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಆಮೇಲೆ, ಕ್ಯಾಸ್ ಸ್ಯಾಂಡ್‌ವಿಚ್ ಗಂಟಲಿಗೆ ಸಿಕ್ಕಿ ಸತ್ತದ್ದು ನಿಜವಾ?

ಕಡಲತಡಿ_ಆಲ್ಟೊ

ನಿಜ ಅಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ನಿಮ್ಮ ಮೇಲಲ್ಲ ಮಗಾ.

1974ರ ಜುಲೈನಲ್ಲಿ ಕ್ಯಾಸ್ ಲಂಡನ್ ಪಲೇಡಿಯಂನಲ್ಲಿ ಎರಡು ವಾರ ಹಾಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಮುಗಿದ ಮೇಲೆ ಜುಲೈ 29ರಂದು ಮೇಫೇರ್‌ನ ಫ್ಲ್ಯಾಟಿನಲ್ಲಿ ನಿದ್ದೆಯಲ್ಲೇ ಹೃದಯಾಘಾತ. ವಯಸ್ಸು 32. ಕೋಣೆಯಲ್ಲಿ ಸ್ಯಾಂಡ್‌ವಿಚ್ ಇತ್ತು, ಅದನ್ನು ಮುಟ್ಟಿಯೇ ಇರಲಿಲ್ಲ. ಶವಪರೀಕ್ಷೆಯಲ್ಲಿ ಗಂಟಲಲ್ಲಿ ಏನೂ ಸಿಗಲಿಲ್ಲ. ಆ ಕತೆಯನ್ನು ಪತ್ರಿಕೆಗೆ ಬರೆದ ಸ್ಯೂ ಕ್ಯಾಮರಾನ್, ಕ್ಯಾಸ್‌ನ ಮ್ಯಾನೇಜರ್ ಅಲನ್ ಕಾರ್ ಹೇಳಿದ್ದಕ್ಕೆ ಹಾಗೆ ಬರೆದೆ ಅಂತ ಎಷ್ಟೋ ವರ್ಷ ಕಳೆದ ಮೇಲೆ ಹೇಳಿದರು. ಅಷ್ಟರಲ್ಲಿ ಜಗತ್ತೆಲ್ಲ ನಕ್ಕು ಮುಗಿದಿತ್ತು.

ಬದುಕಿದ್ದಾಗಲೂ ಇದೇ ಗೋಳು. ವರ್ಜಿನ್ ದ್ವೀಪದಲ್ಲಿ ತಲೆ ಮೇಲೆ ಪೈಪು ಬಿದ್ದು ತನ್ನ ದನಿ ಮೇಲಕ್ಕೇರಿತು, ಆಮೇಲೆ ಗುಂಪಿಗೆ ಸೇರಿಸಿಕೊಂಡರು ಅಂತ ಆಕೆಯೇ ತಮಾಷೆಯಾಗಿ ಹೇಳುತ್ತಿದ್ದರು. ಜಾನ್ ಆಕೆಯ ಮೈ ನೋಡಿ ಬೇಡ ಅಂದಿದ್ದರು, ಪೈಪಿನ ಕತೆ ಅದನ್ನು ಮುಚ್ಚಲು ಅಂತ ಸ್ನೇಹಿತರು ಆಮೇಲೆ ಹೇಳಿದ್ದಾರೆ. ಗುಂಪು ಹುಟ್ಟಿದ ಕತೆ ಹೇಳುವ ‘ಕ್ರೀಕ್ ಆಲಿ’ ಹಾಡಿದೆಯಲ್ಲ, ಅದರಲ್ಲಿ ಬೇರೆ ಯಾರೂ ದಪ್ಪ ಆಗುತ್ತಿಲ್ಲ, ಕ್ಯಾಸ್ ಮಾತ್ರ ಅಂತ ಮತ್ತೆ ಮತ್ತೆ ಬರುತ್ತದೆ. ಅದನ್ನು ಆಕೆ ನಗುತ್ತಾ ಹಾಡಬೇಕಿತ್ತು. ಎಷ್ಟು ಚೆಂದದ ಹಾಡು, ಆದರೆ ಆ ಸಾಲು ಬಂದಾಗ ನನಗೆ ಹೊಟ್ಟೆ ತೊಳಸುತ್ತದೆ.

ಮಗಳು ಓವನ್ ಎಲಿಯಟ್ ಕೂಗೆಲ್ 2024ರಲ್ಲಿ ಅಮ್ಮನ ಬಗ್ಗೆ ಪುಸ್ತಕ ಬರೆದಿದ್ದಾರೆ. ತಾಯಿ ಹೋದಾಗ ಆಕೆ ಪುಟ್ಟ ಮಗು.

ತೀರ್ಥಹಳ್ಳಿ_ಮೇಷ್ಟ್ರು

ಸರಿಯಾಗಿ ಹೇಳಿದಿರಿ ತಾಯಿ.

ಫ್ರೀಮಾಂಟ್‌ಗೌಡ

ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ. ಇಲ್ಲಿಗೆ ಬರುವ ಮೊದಲು ಮಿನಿಯಾಪೊಲಿಸ್‌ನಲ್ಲಿ ಇದ್ದೆ. ಜನವರಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತವನಿಗೆ ಆ ಹಾಡು ಅರ್ಥ ಮಾಡಿಸಬೇಕಾಗಿಲ್ಲ. ಅದು ಹುಟ್ಟಿದ್ದೂ ಹಾಗೆಯೇ. 1963ರಲ್ಲಿ ಜಾನ್, ಮಿಶೆಲ್ ನ್ಯೂಯಾರ್ಕಿನಲ್ಲಿದ್ದರು. ಮಿಶೆಲ್ ಲಾಂಗ್‌ಬೀಚ್ ಹುಡುಗಿ, ಅಲ್ಲಿನ ಚಳಿ ತಡೆಯಲಾಗಲಿಲ್ಲ. ಇಬ್ಬರೂ ಸೇರಿ ಬರೆದರು. ಚರ್ಚ್ ಒಳಗೆ ಹೋಗುವ ಸಾಲುಗಳು ಮಿಶೆಲ್ ಅನುಭವದ್ದು, ಜಾನ್‌ಗೆ ಅವು ಇಷ್ಟವಿರಲಿಲ್ಲ. ಇದ್ದದ್ದು ಒಳ್ಳೆಯದಾಯಿತು. ಆ ಚರ್ಚ್ ಇಲ್ಲದಿದ್ದರೆ ಅದು ಬರೀ ಬಿಸಿಲಿನ ಜಾಹೀರಾತು ಆಗುತ್ತಿತ್ತು.

ಇಲ್ಲಿಂದ ಮಾಂಟೆರೆ ಹತ್ತಿರ. 1967ರ ಜೂನ್ 16ರಿಂದ 18ರವರೆಗೆ ಅಲ್ಲಿನ ಜಾತ್ರೆ ಮೈದಾನದಲ್ಲಿ ನಡೆದ ಪಾಪ್ ಉತ್ಸವವನ್ನು ಮುಂದೆ ನಿಂತು ನಡೆಸಿದವರು ಜಾನ್ ಫಿಲಿಪ್ಸ್ ಮತ್ತು ಲೂ ಆಡ್ಲರ್. ಎಲ್ಲರೂ ಪುಕ್ಕಟೆ ಹಾಡಿದರು, ಒಬ್ಬರನ್ನು ಬಿಟ್ಟು. ಅದು ನಮ್ಮ ಪಂಡಿತ್ ರವಿಶಂಕರ್. ಅವರಿಗೆ 3,000 ಡಾಲರ್ ಕೊಟ್ಟರು. ಭಾನುವಾರ ಮಧ್ಯಾಹ್ನ ಪೂರ್ತಿ ಅವರದೇ. ತಬಲಾಕ್ಕೆ ಅಲ್ಲಾ ರಖಾ, ತಂಬೂರಕ್ಕೆ ಕಮಲಾ ಚಕ್ರವರ್ತಿ. ಅದೇ ದಿನ ರಾತ್ರಿ ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚಿದ ಮೇಲೆ ಕೊನೆಗೆ ವೇದಿಕೆ ಹತ್ತಿದ್ದು ಮಾಮಾಸ್ ಅಂಡ್ ಪಾಪಾಸ್. ನಿಜ ಹೇಳಬೇಕೆಂದರೆ ಅವತ್ತು ಅವರು ಚೆನ್ನಾಗಿ ಹಾಡಲಿಲ್ಲ. ಡೆನ್ನಿ ಬಂದದ್ದೇ ತಡವಾಗಿ, ತಾಲೀಮು ಇರಲಿಲ್ಲ. ಆ ಉತ್ಸವದ ಬಗ್ಗೆ ಪೆನ್ನೆಬೇಕರ್ ತೆಗೆದ ಸಾಕ್ಷ್ಯಚಿತ್ರ ಮುಗಿಯುವುದು ಇವರ ಹಾಡಿನಿಂದಲ್ಲ, ಸಿತಾರ್‌ನಿಂದ. ಅದರಲ್ಲಿ ನನಗೆ ಇಷ್ಟದ ಕ್ಷಣ ಬೇರೆ. ಜ್ಯಾನಿಸ್ ಜಾಪ್ಲಿನ್ ಹಾಡುವಾಗ ಪ್ರೇಕ್ಷಕರ ನಡುವೆ ಕೂತ ಕ್ಯಾಸ್ ಬಾಯಿಬಿಟ್ಟು ‘ವಾವ್’ ಅನ್ನುತ್ತಾರೆ. ಹೊಟ್ಟೆಕಿಚ್ಚು ಅನ್ನುವುದೇ ಇಲ್ಲದ ಮುಖ.

ಗಿಟಾರ್_ಪಾಂಡು

ರವಿಶಂಕರ್ ಹೆಸರು ಬಂದದ್ದಕ್ಕೆ ಒಂದು ಮಜಾ ಸಂಗತಿ. ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ಮಧ್ಯದಲ್ಲಿ ಕೊಳಲು ಬರುತ್ತದಲ್ಲ, ಆ ದಪ್ಪ ದನಿಯ ಕೊಳಲು? ಅದು ಆಲ್ಟೊ ಫ್ಲೂಟ್. ನುಡಿಸಿದ್ದು ಜಾಝ್ ಕಲಾವಿದ ಬಡ್ ಶ್ಯಾಂಕ್. ಅದಕ್ಕೆ ಕೆಲವು ವರ್ಷ ಮೊದಲೇ ಇದೇ ಬಡ್ ಶ್ಯಾಂಕ್ ರವಿಶಂಕರ್ ಜೊತೆ ಲಾಸ್ ಏಂಜಲೀಸ್‌ನಲ್ಲಿ ನುಡಿಸಿದ್ದರು. 1962ರಲ್ಲಿ ಬಂದ ರವಿಶಂಕರ್ ಅವರ ‘ಇಂಪ್ರೊವೈಸೇಷನ್ಸ್’ ಆಲ್ಬಂ ತೆಗೆದು ನೋಡಿ. ‘ಪಥೇರ್ ಪಾಂಚಾಲಿ’ ಸಿನಿಮಾದ ಸಂಗೀತ ಇಟ್ಟುಕೊಂಡು ಮಾಡಿದ ಮೊದಲ ತುಣುಕಿನಲ್ಲಿ ಕೊಳಲು ಅವರದೇ.

ಚಿನ್ಮಯಿ_ವೀಣೆ

ಪಾಂಡು ಅವರೇ, ಈಗಷ್ಟೇ ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆ. ಪಥೇರ್ ಪಾಂಚಾಲಿ ತುಣುಕಿನಲ್ಲಿ ಸಿತಾರಿಗೆ ಉತ್ತರ ಕೊಡುತ್ತಾ ಹೋಗುತ್ತಾರೆ, ಸ್ವರವನ್ನು ಸ್ವಲ್ಪ ಜಾರಿಸುವ ಅಭ್ಯಾಸ ಬಂದಿದೆ. ಇನ್ನೊಂದರಲ್ಲಿ ಜಾಝ್ ಓಟವೇ ಜಾಸ್ತಿ. ಮೊದಲು ತಗ್ಗಿನಲ್ಲಿ ಅನುಮಾನಿಸುತ್ತಾ ನಡೆದು, ಆಮೇಲೆ ಒಮ್ಮೆಲೇ ಚುರುಕಾಗುತ್ತದೆ. ರವಿಶಂಕರ್ ಪ್ರಭಾವ ಅಂತೆಲ್ಲ ಎಳೆಯುವುದು ಬೇಡ. ಆದರೆ ಪಾಪ್ ಹಾಡಿನ ನಡುವೆ ಗಿಟಾರ್ ಬದಲು ಕೊಳಲಿಗೆ ಅಷ್ಟು ಜಾಗ ಕೊಟ್ಟರಲ್ಲ, ಅದಕ್ಕೆ ಒಂದು ನಮಸ್ಕಾರ.

ನೇರಮಾತು

ಎಲ್ಲ ಸರಿ. ಜಾನ್ ಫಿಲಿಪ್ಸ್ ಮಗಳು ಮೆಕೆಂಜಿ 2009ರಲ್ಲಿ ತಂದೆಯ ಮೇಲೆ ಎಷ್ಟು ಗಂಭೀರ ಆರೋಪ ಮಾಡಿ ಪುಸ್ತಕ ಬರೆದರು ಅನ್ನುವುದು ಗೊತ್ತಿದ್ದೂ ಹೀಗೆ ಹೊಗಳುತ್ತಿದ್ದೀರಾ? ನಾನಂತೂ ಅದರ ಮೇಲೆ ಇವರ ಹಾಡು ಹಾಕಿಲ್ಲ.

ಹಳೇ_ಟೇಪು

ಗೊತ್ತು. ಜಾನ್ 2001ರಲ್ಲೇ ತೀರಿಕೊಂಡಿದ್ದರು, ಉತ್ತರ ಕೊಡಲು ಇರಲಿಲ್ಲ. ಮನೆಯವರಲ್ಲೇ ನಂಬಿದವರು ಇದ್ದಾರೆ, ನಂಬದವರೂ ಇದ್ದಾರೆ. ನೀವು ಕೇಳದೆ ಇರುವುದು ನನಗೆ ಅರ್ಥವಾಗುತ್ತದೆ, ಅದನ್ನು ಬದಲಾಯಿಸಲು ಹೋಗುವುದಿಲ್ಲ. ನಾನು ಕೇಳುತ್ತೇನೆ. ಯಾಕೆಂದರೆ ಆ ಹಾಡುಗಳಲ್ಲಿ ಕ್ಯಾಸ್, ಡೆನ್ನಿ, ಮಿಶೆಲ್ ಕೂಡ ಇದ್ದಾರೆ. ಜಾನ್‌ಗೋಸ್ಕರ ಅವರ ದನಿಯನ್ನೂ ಮುಚ್ಚಲು ನನಗೆ ಮನಸ್ಸಿಲ್ಲ. ಆದರೆ ಜಾನ್ ‘ದೊಡ್ಡ ಮನುಷ್ಯ’ ಅಂತ ಎಲ್ಲಾದರೂ ಬರೆದರೆ ನೀವು ಕೇಳಬೇಕಾದ್ದೇ.

ನೇರಮಾತು

ಅಷ್ಟು ಹೇಳಿದಿರಲ್ಲ, ಸಾಕು. ನನ್ನ ನಿಲುವು ನನಗೆ.

ಕಡಲತಡಿ_ಆಲ್ಟೊ

ಮಸಾಲೆದೋಸೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ! ಮೊದಲ ಆಲ್ಬಂನಿಂದ ಶುರು ಮಾಡಿ, 1966ರದು, ನಾಲ್ವರೂ ಬಚ್ಚಲು ತೊಟ್ಟಿಯಲ್ಲಿ ತುರುಕಿಕೊಂಡು ಕೂತ ಚಿತ್ರ ಇರುವುದು. ಪಕ್ಕದಲ್ಲಿ ಕಮೋಡ್ ಕಾಣುತ್ತದೆ ಅಂತ ಗಲಾಟೆಯಾಗಿ ಆಮೇಲಿನ ಪ್ರತಿಗಳಲ್ಲಿ ಅದನ್ನು ಮುಚ್ಚಿದರು. ಅದರಲ್ಲಿ ‘ಗೋ ವೇರ್ ಯು ವಾನ್ನಾ ಗೋ’ ಬಿಡಬೇಡಿ. ಅದಾದ ಮೇಲೆ ‘ಡೆಡಿಕೇಟೆಡ್ ಟು ದ ಒನ್ ಐ ಲವ್’. ಅದು ಇವರ ಸ್ವಂತದ್ದಲ್ಲ, ಮೊದಲು ಫೈವ್ ರಾಯಲ್ಸ್, ಆಮೇಲೆ ಶಿರೆಲ್ಸ್ ಹಾಡಿದ್ದು. ಆದರೆ ಶುರುವಿನಲ್ಲಿ ಮಿಶೆಲ್ ಒಬ್ಬರೇ, ಪಿಸುಮಾತಿನ ಹಾಗೆ. ಆಕೆಯ ದನಿಗೆ ತೂಕ ಇಲ್ಲ ಅಂದೆನಲ್ಲ, ಆ ಜಾಗಕ್ಕೆ ತೂಕ ಇಲ್ಲದ ದನಿಯೇ ಬೇಕು. ಉಳಿದವರು ಬಂದು ಸೇರಿದಾಗ ಕೋಣೆಯೇ ದೊಡ್ಡದಾದ ಹಾಗೆ ಆಗುತ್ತದೆ.

ಕೊನೆಗೆ ‘ಡ್ರೀಮ್ ಎ ಲಿಟಲ್ ಡ್ರೀಮ್ ಆಫ್ ಮಿ’. 1931ರ ಹಾಡು. ಅದನ್ನು ಮಾಡಿದವರಲ್ಲಿ ಒಬ್ಬರಾದ ಫೇಬಿಯನ್ ಆಂಡ್ರೆ ಅವರನ್ನು ಮಿಶೆಲ್ ಚಿಕ್ಕವರಿದ್ದಾಗ ಮೆಕ್ಸಿಕೋದಲ್ಲಿ ಕಂಡಿದ್ದರು. ಹಾಡಿದ್ದು ಕ್ಯಾಸ್. 1968ರಲ್ಲಿ ಬಂತು, ಅಲ್ಲಿಂದ ಆಕೆ ಒಂಟಿಯಾಗಿ ಹೊರಟರು.

ತೀರ್ಥಹಳ್ಳಿ_ಮೇಷ್ಟ್ರು

ಇದಕ್ಕೆ ‘ಟ್ವೆಲ್ವ್ ಥರ್ಟಿ’ ಸೇರಿಸಿ. ಅದು ಅಷ್ಟು ಓಡಲಿಲ್ಲ, ಅಮೆರಿಕದಲ್ಲಿ 20ನೆಯ ಸ್ಥಾನಕ್ಕೆ ನಿಂತಿತು. ನನ್ನ ಪ್ರಕಾರ ಜಾನ್ ಬರೆದದ್ದರಲ್ಲಿ ಅದೇ ಒಳ್ಳೆಯದು. ಊರು ಬಿಟ್ಟು ಬಂದವನಿಗೆ ಹೊಸ ಊರಿನ ಬೆಳಗು ಹೇಗೆ ಕಾಣುತ್ತದೆ ಅನ್ನುವುದು ಅದರಲ್ಲಿದೆ.

ಡೆನ್ನಿ ಅಭಿಮಾನಿಗಳಿಗೆ ಒಂದು ಸುದ್ದಿ. ಮುಂದೆ ಅವರು ಕೆನಡಾದ ‘ಥಿಯೋಡರ್ ಟಗ್‌ಬೋಟ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಬಂದರಿನ ಅಧಿಕಾರಿಯಾಗಿ ಕತೆ ಹೇಳುತ್ತಿದ್ದರು. ನಮ್ಮ ಮೊಮ್ಮಗ ಟೊರಾಂಟೊದಲ್ಲಿ ಅದರ ಹಳೆಯ ಕಂತು ನೋಡುತ್ತಿದ್ದಾಗ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. 2007ರಲ್ಲಿ ತೀರಿಕೊಂಡರು.

ಗಿಟಾರ್_ಪಾಂಡು

ಹೆಡ್‌ಫೋನ್ ಇರುವವರಿಗೆ ಒಂದು ಮನೆಗೆಲಸ. ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ಮೊದಲು ರೆಕಾರ್ಡ್ ಆದದ್ದು ಬ್ಯಾರಿ ಮೆಕ್‌ಗ್ವೈರ್ ಎಂಬ ಗಾಯಕನ ದನಿಯಲ್ಲಿ. ಅವರೇ ಈ ನಾಲ್ವರನ್ನು ಲೂ ಆಡ್ಲರ್ ಹತ್ತಿರ ಕರೆದುಕೊಂಡು ಹೋದವರು, ಇವರು ಅವರ ಹಾಡಿಗೆ ಕೋರಸ್ ಹಾಡಿದ್ದರು. ಆಮೇಲೆ ಅದೇ ವಾದ್ಯ, ಅದೇ ಕೋರಸ್ ಇಟ್ಟುಕೊಂಡು ಬ್ಯಾರಿ ದನಿ ತೆಗೆದು ಡೆನ್ನಿ ದನಿ ಹಾಕಿದರು. ಆದರೆ ಪೂರ್ತಿ ಅಳಿಸಿಲ್ಲ. ಶುರುವಿನಲ್ಲಿ ಎಡಗಡೆ ಕಿವಿಯಲ್ಲಿ ಒಂದು ಕ್ಷಣ ಬ್ಯಾರಿ ಕೇಳುತ್ತಾರೆ.

ಮಸಾಲೆದೋಸೆ_ರಾತ್ರಿ

ಫೋನ್ ಸ್ಪೀಕರ್‌ನಲ್ಲಿ ಏನೂ ಕೇಳಲಿಲ್ಲ. ಅಣ್ಣನ ಹೆಡ್‌ಫೋನ್ ಕದ್ದು ಹಾಕಿದರೂ ಇಲ್ಲ. ಎರಡೂ ಕಡೆ ಒಂದೇ ಥರ ಬರುತ್ತಿದೆ.

ಗಿಟಾರ್_ಪಾಂಡು

ಹಾಗಿದ್ದರೆ ನಿಮ್ಮದು ಮೊನೊ ಪ್ರತಿ. ಸ್ಟೀರಿಯೋ ಅಂತ ಬರೆದಿರುವುದನ್ನು ಹುಡುಕಿ ಹಾಕಿ, ಬಲಗಡೆ ತೆಗೆದುಬಿಡಿ. ಡೆನ್ನಿ ಶುರು ಮಾಡುವ ಜಾಗದಲ್ಲೇ ಕಿವಿ ಇಟ್ಟಿರಿ.

ಮಸಾಲೆದೋಸೆ_ರಾತ್ರಿ

ಸಿಕ್ಕಿತು!! ಒರಟು ದನಿ, ಬೇರೆಯೇ ಮನುಷ್ಯ. ಇದರಲ್ಲಿ ನಾನು ಹಳೇ ಟೇಪು ಅವರ ಪಕ್ಷ, ಡೆನ್ನಿ ಹಾಡಿದ್ದೇ ಸರಿ. ಕಡಲತಡಿ ಆಂಟಿ, ಈಗ ‘ವರ್ಡ್ಸ್ ಆಫ್ ಲವ್’ ಹಾಕುತ್ತಿದ್ದೇನೆ, ನೋಡೋಣ ನೀವು ನನ್ನ ಪಕ್ಷ ಬದಲಾಯಿಸುತ್ತೀರಾ ಅಂತ.